ತೆಂಗಿನೆಣ್ಣೆ ಗಟ್ಟಿಯಾದ ಚಳಿಗಾಲ: ಹೊಸೂರು, 1991

ಕರಾವಳಿಯಿಂದ ಘಟ್ಟ ಹತ್ತಿದ ನಮ್ಮವರಿಗೆ ಚಳಿಗಾಲ ಬಂತೆಂದು ಮೊದಲು ತಿಳಿಸುವುದು ಕ್ಯಾಲೆಂಡರ್ ಅಲ್ಲ, ತೆಂಗಿನೆಣ್ಣೆ ಬಾಟಲಿ. ಪುತ್ತೂರು, ಬಂಟ್ವಾಳದ ಮನೆಗಳಲ್ಲಿ ವರ್ಷವಿಡೀ ನೀರಿನಂತೆ ಹರಿಯುವ ಎಣ್ಣೆ, ಹೊಸೂರಿನಲ್ಲಿ ನವೆಂಬರ್ ಬಂತೆಂದರೆ ಮೇಣದಂತೆ ಬೆಳ್ಳಗೆ ಗಟ್ಟಿಯಾಗಿ ಕೂರುತ್ತಿತ್ತು. ಬಾಟಲಿಯನ್ನು ಬೆಳಿಗ್ಗೆ ಒಲೆಯ ಪಕ್ಕ ಇಟ್ಟು ಕರಗಿಸುವುದು ನನ್ನ ಕೆಲಸ. ನನಗೆ ಆಗ ಹನ್ನೊಂದು ವರ್ಷ. ಮನೆಯ ಹಿರಿಮಗನಾದ್ದರಿಂದ ಅಂಥ ಸಣ್ಣಪುಟ್ಟ ಕೆಲಸಗಳೆಲ್ಲ ನನ್ನ ಪಾಲಿಗೇ ಬರುತ್ತಿದ್ದವು.

ನಮ್ಮ ಸಮುದಾಯದ ಚರಿತ್ರೆ ಎಂದಾಗ ನಾವು ಬಂದರು, ಹಡಗು, ಅರಬರು, ಹಳೆಯ ಮಸೀದಿಗಳ ಬಗ್ಗೆ ಬರೆಯುತ್ತೇವೆ. ಅದು ಬೇಕು. ಆದರೆ ಘಟ್ಟದ ಮೇಲೆ, ರಾಜ್ಯದ ಗಡಿಯಾಚೆ ಚಹಾ ಅಂಗಡಿ ಇಟ್ಟುಕೊಂಡು ಬದುಕಿದ ಸಾವಿರಾರು ಸಾಮಾನ್ಯ ಬ್ಯಾರಿಗಳ ಚರಿತ್ರೆಯನ್ನು ಬರೆದಿಟ್ಟವರು ಕಡಿಮೆ. ನಾನು ಕಂಡ ಒಂದು ಚಳಿಗಾಲದ ಕಥೆಯನ್ನು, ನೆನಪು ಮಾಸುವ ಮೊದಲು, ಇಲ್ಲಿ ಬರೆದಿಡುತ್ತಿದ್ದೇನೆ.

ಮೂರು ಭಾಷೆಯ ಊರು

ಹೊಸೂರು ಸಮುದ್ರಮಟ್ಟದಿಂದ ಸುಮಾರು ಒಂಬೈನೂರು ಮೀಟರ್ ಎತ್ತರದಲ್ಲಿದೆ. ಹಾಗಾಗಿ ಹವೆ ಬೆಂಗಳೂರಿನದು, ಆಡಳಿತ ತಮಿಳುನಾಡಿನದು. ಬೆಂಗಳೂರಿಗೆ 40 ಕಿ.ಮೀ., ಕೃಷ್ಣಗಿರಿಗೆ 50 ಕಿ.ಮೀ. ಇದೆಲ್ಲ ಹಿಂದೆ ಮೈಸೂರು ಸೀಮೆಯೇ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಬಿಟ್ಟುಕೊಟ್ಟ ಪ್ರದೇಶಗಳಲ್ಲಿ ಕೃಷ್ಣಗಿರಿಯ ಸುತ್ತಲಿನ ಬಾರಾಮಹಲ್ ಸೇರಿತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಹೊಸೂರು ಕಡೆಯ ಬಾಲಾಘಾಟ್ ಪ್ರದೇಶವೂ ಕಂಪನಿಯ ಕೈ ಸೇರಿತು. ಆಮೇಲೆ ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ ಜಿಲ್ಲೆ, 2004ರಿಂದ ಕೃಷ್ಣಗಿರಿ ಜಿಲ್ಲೆ. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಹೊಸೂರು ಮದ್ರಾಸ್ ರಾಜ್ಯದಲ್ಲೇ ಉಳಿಯಿತು.

ಗಡಿ ಹಾಕಿದ ಮಾತ್ರಕ್ಕೆ ಜನರ ನಾಲಿಗೆ ಬದಲಾಗುವುದಿಲ್ಲವಲ್ಲ. ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರು, ಬೇರಿಗೆ ಕಡೆ ಹೋದರೆ ಒಂದೇ ಬೀದಿಯಲ್ಲಿ ತೆಲುಗು, ಕನ್ನಡ, ತಮಿಳು ಮೂರೂ ಕೇಳಿಸುತ್ತವೆ. ಮಸೀದಿಯ ಹತ್ತಿರ ದಖನಿ ಉರ್ದು. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ಅಂಥದೇ ಒಂದು ಶಾಲೆಯಲ್ಲಿ ನಾನು ಐದನೇ ಕ್ಲಾಸ್ ಓದುತ್ತಿದ್ದೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು, ಜುಮ್ಮಾ ಮುಗಿಸಿ ಬರುವಾಗ ಉರ್ದು. ಇದು ದೊಡ್ಡ ವಿಷಯ ಎಂದು ನಮಗೆ ಯಾರಿಗೂ ಅನಿಸಿರಲಿಲ್ಲ.

1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂದ ಮೇಲೆ ಊರಿನ ಚಹರೆ ಬದಲಾಯಿತು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂದವು. ಮೂರು ಪಾಳಿಯಲ್ಲಿ ಕೆಲಸ ಮಾಡುವ ಜನರಿಗೆ ಮೂರು ಪಾಳಿಯಲ್ಲೂ ಚಹಾ ಬೇಕಿತ್ತು. ಅದೇ ಲೆಕ್ಕಾಚಾರದಲ್ಲಿ ಉಪ್ಪ ಪುತ್ತೂರು ಕಡೆಯ ಹಳ್ಳಿಯಿಂದ ಬೆಂಗಳೂರಿಗೆ, ಅಲ್ಲಿ ನಾಲ್ಕು ವರ್ಷ ಬೇರೆಯವರ ಹೋಟೆಲಿನಲ್ಲಿ ದುಡಿದು ಹೊಸೂರಿಗೆ ಬಂದಿದ್ದರು. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ನಾಲ್ಕು ಬೆಂಚಿನ ಹೋಟೆಲ್. ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ, ಇಡೀ ದಿನ ಚಹಾ. ಗಿರಾಕಿಗಳಲ್ಲಿ ಕೆಲವರಿಗೆ ಉಪ್ಪ ‘ಬಾಯ್’, ಕೆಲವರಿಗೆ ‘ಕಾಕಾ’. ನಮ್ಮನ್ನು ಕೇರಳದವರೆಂದು ತಿಳಿದವರೇ ಹೆಚ್ಚು. ಬ್ಯಾರಿ ಎಂದರೆ ಏನೆಂದು ವಿವರಿಸಿ ವಿವರಿಸಿ ಸಾಕಾಗಿ, ಕೊನೆಗೆ ಉಪ್ಪ ‘ಹೌದು’ ಎಂದು ಸುಮ್ಮನಾಗುತ್ತಿದ್ದರು. ಬೋರ್ಡ್ ಮಾತ್ರ ಮೇಲೆ ತಮಿಳಿನಲ್ಲಿ, ಕೆಳಗೆ ಕನ್ನಡದಲ್ಲಿ ಬರೆಸಿದ್ದರು.

ಚಳಿಗಾಲದ ದಿನಚರಿ

ಐಪ್ಪಸಿಯ ಮಳೆ ನಿಲ್ಲುತ್ತಿದ್ದಂತೆ ಮಂಜು ಶುರು. ಮಾರ್ಗಳಿ ತಿಂಗಳಲ್ಲಿ ಬೆಳಗ್ಗೆ ಐದಕ್ಕೇ ದೇವಸ್ಥಾನದ ಮೈಕ್ ಹಾಡತೊಡಗುತ್ತಿತ್ತು. ಅದಾದ ಮೇಲೆ ಸುಬಹಿ ಬಾಂಗ್. ಎರಡರ ನಡುವೆ ನಾನು ಕ್ಯಾನ್ ಹಿಡಿದು ಹಾಲಿಗೆ ಹೋಗಬೇಕು. ಕಿವಿಗೆ ಮಂಕಿ ಕ್ಯಾಪ್, ಕಾಲಿಗೆ ಹವಾಯಿ ಚಪ್ಪಲಿ. ದಾರಿಯುದ್ದಕ್ಕೂ ಹೆಂಗಸರು ಬಾಗಿಲ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕುತ್ತಿದ್ದರು. ಅದನ್ನು ತುಳಿಯದೆ ನಡೆಯುವುದೇ ಒಂದು ಸರ್ಕಸ್.

ಹಾಲು ತಂದ ಮೇಲೆ ಎಣ್ಣೆ ಕರಗಿಸುವುದು. ಆಮೇಲೆ ಬಸ್ ಸ್ಟ್ಯಾಂಡಿಗೆ ಓಟ. ಕನ್ನಡ ಪೇಪರ್ ಬೆಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿತ್ತು. ಉಪ್ಪನಿಗೆ ಪೇಪರ್ ಇಲ್ಲದೆ ಚಹಾ ಇಳಿಯದು. ಅವರೆಕಾಯಿ ಕಾಲವಾದ್ದರಿಂದ ಉಮ್ಮನಿಗೆ ಸಂತೆಯಿಂದ ಅವರೆ ತರಬೇಕು. ಕರಾವಳಿಯಲ್ಲಿ ಅವರೆಕಾಯಿ ಅಷ್ಟಾಗಿ ಕಾಣದ ಉಮ್ಮ ಇಲ್ಲಿ ಬಂದು ಅದಕ್ಕೆ ಮಾರುಹೋಗಿದ್ದರು. ಅವರೆಕಾಳು ಹಾಕಿದ ಕೋಳಿ ಸಾರಿಗೆ ಪತ್ತಿರ್, ಅದು ನಮ್ಮ ಮನೆಯ ಹೊಸೂರು ಅಡುಗೆ.

ತಿಂಗಳಿಗೊಮ್ಮೆ ಊರಿನಿಂದ ಪಾರ್ಸೆಲ್ ಬರುತ್ತಿತ್ತು. ಕುಚ್ಚಲಕ್ಕಿ, ಒಣಮೀನು, ತೆಂಗಿನೆಣ್ಣೆ, ಅಜ್ಜಿ ಮಾಡಿದ ಹಪ್ಪಳ. ಬೆಂಗಳೂರಿನ ಕಲಾಸಿಪಾಳ್ಯಕ್ಕೆ ಬಂದ ಅದನ್ನು ಉಪ್ಪ ಹೋಗಿ ತರುತ್ತಿದ್ದರು. ಬೆಳಿಗ್ಗೆ ಹೋದರೆ ಮಧ್ಯಾಹ್ನ ಊಟಕ್ಕೆ ವಾಪಸ್. ಅತ್ತಿಬೆಲೆಯ ಹತ್ತಿರ ರಾಜ್ಯ ಬದಲಾಗುತ್ತದೆ ಎಂಬುದು ನಮಗೆ ಬಸ್ಸಿನ ಬಣ್ಣ ಮತ್ತು ಚೆಕ್‌ಪೋಸ್ಟಿನ ಲಾರಿ ಸಾಲಿನಿಂದ ಮಾತ್ರ ತಿಳಿಯುತ್ತಿತ್ತು.

ಡಿಸೆಂಬರ್ 12

ಕಾವೇರಿ ಜಗಳ ಹಳೆಯದು. ಮೈಸೂರು ಮತ್ತು ಮದ್ರಾಸ್ ನಡುವೆ 1892ರಲ್ಲಿ, ಆಮೇಲೆ 1924ರಲ್ಲಿ ಒಪ್ಪಂದಗಳಾಗಿದ್ದವು. 1924ರದ್ದಕ್ಕೆ ಐವತ್ತು ವರ್ಷ ತುಂಬಿದ ಮೇಲೆ ಮಾತುಕತೆಗಳು ನಡೆದವು, ಮುರಿದವು. 1990ರ ಜೂನ್ 2ರಂದು ನ್ಯಾಯಮಂಡಳಿ ರಚನೆಯಾಯಿತು. 1991ರ ಜೂನ್ 25ರಂದು ಅದು ಮಧ್ಯಂತರ ಆದೇಶ ಕೊಟ್ಟಿತು: ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ತಲುಪುವಂತೆ ಕರ್ನಾಟಕ ಬಿಡಬೇಕು. ಬಂಗಾರಪ್ಪನವರ ಸರ್ಕಾರ ಅದರ ವಿರುದ್ಧ ಸುಗ್ರೀವಾಜ್ಞೆ ತಂದಿತು. ನವೆಂಬರ್ 22ರಂದು ಸುಪ್ರೀಂ ಕೋರ್ಟ್ ಆ ಸುಗ್ರೀವಾಜ್ಞೆ ಸಂವಿಧಾನಕ್ಕೆ ವಿರುದ್ಧ ಎಂದಿತು. ಡಿಸೆಂಬರ್ ಎರಡನೇ ವಾರದಲ್ಲಿ ಕೇಂದ್ರ ಸರ್ಕಾರ ಆದೇಶವನ್ನು ಗೆಜೆಟ್‌ನಲ್ಲಿ ಪ್ರಕಟಿಸಿತು. ಡಿಸೆಂಬರ್ 12 ಮತ್ತು 13ರಂದು ಬೆಂಗಳೂರು ಹೊತ್ತಿ ಉರಿಯಿತು. ತಮಿಳರ ಮನೆ, ಅಂಗಡಿಗಳ ಮೇಲೆ ದಾಳಿಯಾಯಿತು. ಗೋಲಿಬಾರ್, ಕರ್ಫ್ಯೂ. ಜೀವಗಳು ಹೋದವು.

ಇದರಲ್ಲಿ ಒಂದು ವಿಚಿತ್ರವಿದೆ. ಹೊಸೂರಿನ ಪಕ್ಕ ಹರಿಯುವ ಹೊಳೆ ಕಾವೇರಿಯಲ್ಲ, ನಂದಿ ಬೆಟ್ಟದ ಕಡೆಯಿಂದ ಬರುವ ದಕ್ಷಿಣ ಪಿನಾಕಿನಿ. ಕೃಷ್ಣಗಿರಿ ಅಣೆಕಟ್ಟಿಗೆ ಬರುವುದೂ ಅದೇ ನೀರು. ಕಾವೇರಿಯ ಜಗಳದಲ್ಲಿ ಮೊದಲು ಬಾಗಿಲು ಮುಚ್ಚಿಕೊಂಡ ಊರುಗಳಲ್ಲಿ ಕಾವೇರಿ ಇಲ್ಲದ ನಮ್ಮ ಹೊಸೂರೂ ಒಂದು.

ಗುರುವಾರ ಬೆಳಿಗ್ಗೆ ನಾನು ಬಸ್ ಸ್ಟ್ಯಾಂಡಿಗೆ ಹೋದಾಗ ಪೇಪರ್ ಬಂದಿರಲಿಲ್ಲ. ಶುಕ್ರವಾರವೂ ಬರಲಿಲ್ಲ. ಅಂದು ಜುಮ್ಮಾ ಮುಗಿಸಿ ಬರುವ ಹೊತ್ತಿಗೆ ಬೆಂಗಳೂರು ದಿಕ್ಕಿನಿಂದ ಜನ ಬರತೊಡಗಿದ್ದರು. ಲಾರಿಯಲ್ಲಿ, ಟೆಂಪೋದಲ್ಲಿ, ಗಡಿಯವರೆಗೆ ಯಾವುದೋ ವಾಹನ, ಅಲ್ಲಿಂದ ಕಾಲ್ನಡಿಗೆ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಕ್ಕಳು. ಒಬ್ಬನ ಕೈಯಲ್ಲಿ ಟೇಬಲ್ ಫ್ಯಾನ್ ಇತ್ತು. ಅಷ್ಟು ಚಳಿಯಲ್ಲಿ ಫ್ಯಾನ್ ಯಾಕೆ ತಂದನೋ ಎಂದು ನಾನು ಯೋಚಿಸಿದ್ದು ಈಗಲೂ ನೆನಪಿದೆ. ಓಡುವಾಗ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಬಂದಿದ್ದ, ಅಷ್ಟೆ.

ಅಂದು ಸಂಜೆ ಪಕ್ಕದ ಕಿರಾಣಿ ಅಂಗಡಿಯ ಯಜಮಾನರು ಬಂದರು. ತಮಿಳರು, ಉಪ್ಪನಿಗಿಂತ ಹಿರಿಯರು. ಜಾಸ್ತಿ ಮಾತಾಡಲಿಲ್ಲ. ‘ಬಾಯ್, ಆ ಬೋರ್ಡ್ ಸ್ವಲ್ಪ ದಿನ ಒಳಗಿಡು’ ಎಂದರು. ಉಪ್ಪ ಬೋರ್ಡ್ ಇಳಿಸಲಿಲ್ಲ. ಗೋಣಿಚೀಲ ತಂದು ಕನ್ನಡ ಇದ್ದ ಅರ್ಧವನ್ನು ಮಾತ್ರ ಮುಚ್ಚಿದರು. ಹಗ್ಗ ಹಿಡಿದುಕೊಂಡು ನಿಂತವನು ನಾನು.

ಸೀಮೆಎಣ್ಣೆ ಸಾಲು

ಶಾಲೆಗೆ ರಜೆ ಕೊಟ್ಟರು. ಆದರೆ ಮನೆಯ ಕೆಲಸಕ್ಕೆ ರಜೆ ಎಲ್ಲಿ? ಹೋಟೆಲಿನ ಸ್ಟವ್‌ಗೆ ಸೀಮೆಎಣ್ಣೆ ಬೇಕು. ರೇಷನ್ ಅಂಗಡಿಯ ಮುಂದೆ ನಸುಕಿನಲ್ಲೇ ಡಬ್ಬ ಇಟ್ಟು, ಡಬ್ಬ ಇಲ್ಲದವರು ಕಲ್ಲು ಇಟ್ಟು ಸಾಲು ಹಿಡಿಯುತ್ತಿದ್ದರು. ಸೋಮವಾರ ನಾನು ಅಲ್ಲಿ ನಿಂತಿದ್ದೆ. ಹಿಂದಿನವರೊಬ್ಬರು ನನ್ನ ಶಾಲೆಯ ಚೀಲ ನೋಡಿ, ಅದರಲ್ಲೇ ಡಬ್ಬ ಇಟ್ಟು ತಂದಿದ್ದೆ, ತಮಿಳಿನಲ್ಲಿ ಕೇಳಿದರು: ‘ತಂಬಿ, ನೀವು ಕನ್ನಡದವರಾ?’

ಕೇಳಿದ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಾಲಿನಲ್ಲಿ ಹೊತ್ತು ಕಳೆಯಲು ಕೇಳಿದ್ದಿರಬಹುದು. ಆದರೂ ನನ್ನ ಬಾಯಿಂದ ಬಂದದ್ದು: ‘ಇಲ್ಲ. ಮಲಯಾಳಂ.’

ಸುಳ್ಳು ಪೂರ್ತಿ ಸುಳ್ಳೂ ಅಲ್ಲ ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಮ್ಮ ಭಾಷೆ ಮಲಯಾಳಕ್ಕೆ ಹತ್ತಿರ ತಾನೇ? ಆದರೆ ಡಬ್ಬ ಹಿಡಿದು ಮನೆಗೆ ಬರುವಾಗ ಚೀಲದೊಳಗಿದ್ದ ಕನ್ನಡ ಪಾಠಪುಸ್ತಕಕ್ಕೆ ಸೀಮೆಎಣ್ಣೆ ಸೋರಿ ವಾಸನೆ ಹತ್ತಿತ್ತು. ವರ್ಷ ಮುಗಿಯುವವರೆಗೂ ಆ ವಾಸನೆ ಹೋಗಲಿಲ್ಲ. ಪುಸ್ತಕ ತೆರೆದಾಗಲೆಲ್ಲ ಆ ಮಾತು ನೆನಪಾಗುತ್ತಿತ್ತು.

ತಂತಿ

ಅದೇ ಸೋಮವಾರ, ಡಿಸೆಂಬರ್ 16ರ ಮಧ್ಯಾಹ್ನ, ಟೆಲಿಗ್ರಾಂ ಬಂತು. ಅಜ್ಜಿಗೆ ಸೀರಿಯಸ್, ಕೂಡಲೇ ಹೊರಡಿ. ಬಸ್ ಇಲ್ಲ, ಪೇಪರ್ ಇಲ್ಲ, ಪಾರ್ಸೆಲ್ ಇಲ್ಲ. ತಂತಿಗೆ ಮಾತ್ರ ಗಡಿ ಇರಲಿಲ್ಲ.

ಉಪ್ಪ ಚೀಲ ತುಂಬಿಕೊಂಡು ಗಡಿಗೆ ಹೋದರು. ಅಲ್ಲಿ ಯಾರೋ ಹೇಳಿದರು, ನಾಳೆ ಬೆಳಿಗ್ಗೆ ಬಸ್ ಬಿಡುತ್ತಾರಂತೆ. ವಾಪಸ್ ಬಂದರು. ಮಂಗಳವಾರ ಬೆಳಿಗ್ಗೆ ಮತ್ತೆ ಹೋಗಿ ಸಂಜೆಯವರೆಗೆ ಕಾದರು. ಬಸ್ ಬರಲಿಲ್ಲ. ಎಸ್‌ಟಿಡಿ ಬೂತಿನಲ್ಲಿ ರಾತ್ರಿ ಹನ್ನೊಂದರ ನಂತರ ದರ ಕಡಿಮೆ, ಆದರೆ ಊರಿನಲ್ಲಿ ಫೋನ್ ಇದ್ದದ್ದು ಒಂದೇ ಒಂದು ಅಂಗಡಿಯಲ್ಲಿ, ಅದು ಎಂಟಕ್ಕೇ ಮುಚ್ಚುತ್ತಿತ್ತು.

ಕೊನೆಗೆ ದಾರಿ ತೋರಿಸಿದ್ದು ಕಿರಾಣಿ ಅಂಗಡಿಯ ಯಜಮಾನರೇ. ‘ಬೆಂಗಳೂರು ಯಾಕೆ ಬೇಕು? ಸೇಲಂಗೆ ಹೋಗು, ಮದ್ರಾಸಿನಿಂದ ಮಂಗಳೂರಿಗೆ ಹೋಗುವ ರೈಲು ಹಿಡಿ’ ಎಂದರು. ಯಾರಿಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಊರಿಗೆ ಹೋಗುವುದೆಂದರೆ ಬೆಂಗಳೂರು, ಶಿರಾಡಿ ಘಾಟಿ ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿತ್ತು.

ಬುಧವಾರ ಬೆಳಿಗ್ಗೆ ಉಪ್ಪ ಹೊರಟರು. ಹೊಸೂರಿನಿಂದ ಕೃಷ್ಣಗಿರಿ, ಧರ್ಮಪುರಿ, ಸೇಲಂ ಬಸ್ಸಿನಲ್ಲಿ. ಅಲ್ಲಿಂದ ರೈಲು: ಈರೋಡು, ಕೊಯಮತ್ತೂರು, ಪಾಲಕ್ಕಾಡು, ಶೊರನೂರು, ಕೋಝಿಕ್ಕೋಡ್, ಕಣ್ಣೂರು, ಕಾಸರಗೋಡು. ಜನರಲ್ ಬೋಗಿಯ ಬಾಗಿಲ ಬಳಿ ಕೂತು ಹೋದರಂತೆ. ಹೊಸೂರಿನಿಂದ 40 ಕಿ.ಮೀ. ದೂರದ ಬೆಂಗಳೂರನ್ನು ದಾಟಲಾಗದೆ, ಎರಡು ರಾಜ್ಯ ಸುತ್ತಿ, ಸುಮಾರು ಏಳುನೂರು ಕಿ.ಮೀ. ಪ್ರಯಾಣ ಮಾಡಿ, ಮಂಜೇಶ್ವರ ಕಳೆದ ಮೇಲೆ ಕರ್ನಾಟಕಕ್ಕೆ ಕಾಲಿಟ್ಟರು. ನೇತ್ರಾವತಿ ಸೇತುವೆ ಕಂಡಾಗ ಗುರುವಾರ.

ಅಜ್ಜಿಯ ಮಯ್ಯತ್ ಬುಧವಾರ ಅಸರ್ ನಂತರ ದಫನ ಆಗಿತ್ತು. ಮಗನಿಗಾಗಿ ಒಂದು ದಿನ ಕಾದಿದ್ದರು. ಅದಕ್ಕಿಂತ ಹೆಚ್ಚು ಕಾಯುವಂತಿರಲಿಲ್ಲ.

ಉಮ್ಮನ ಹೋಟೆಲ್

ಉಪ್ಪ ಇಲ್ಲದ ಆ ಎರಡು ವಾರ ಹೋಟೆಲ್ ನಡೆಸಿದ್ದು ಉಮ್ಮ. ಅದಕ್ಕೆ ಮೊದಲು ಅವರು ಅಡುಗೆಮನೆಯಿಂದ ಮುಂದಿನ ಬೆಂಚಿನವರೆಗೆ ಬಂದವರಲ್ಲ. ಕೆಲಸದ ಹುಡುಗ ಗಲಾಟೆಗೆ ಹೆದರಿ ತನ್ನ ಊರಿಗೆ ಹೋಗಿದ್ದ. ಹಾಲು ನಾನು ತರುತ್ತಿದ್ದೆ, ಲೋಟ ತಂಗಿ ತೊಳೆಯುತ್ತಿದ್ದಳು, ಚಹಾ ಸೋಸುವುದು ಉಮ್ಮ. ಶಾಲೆ, ಛತ್ರಗಳಲ್ಲಿ ಇಳಿದುಕೊಂಡಿದ್ದ ಜನ ಬೆಳಿಗ್ಗೆ ಬಿಸಿ ನೀರಿಗಾಗಿ ಬರುತ್ತಿದ್ದರು. ಬಿಸಿ ನೀರಿಗೆ ದುಡ್ಡು ತೆಗೆದುಕೊಳ್ಳಬಾರದು ಎಂದು ಉಮ್ಮ ನನಗೆ ಮೊದಲ ದಿನವೇ ಹೇಳಿದ್ದರು.

ಒಂದು ಬೆಳಿಗ್ಗೆ, ಎದುರಿನ ಮನುಷ್ಯ ಕಾಣದಷ್ಟು ಮಂಜು. ಒಬ್ಬ ಹೆಂಗಸು ಎರಡು ವರ್ಷದ ಮಗುವನ್ನು ಎತ್ತಿಕೊಂಡು ಬಂದು ಬೆಂಚಿನಲ್ಲಿ ಕೂತಳು. ಮಗು ಅಳುತ್ತಿತ್ತು. ಅವಳು ತಮಿಳಿನಲ್ಲೇ ಹಾಲು ಕೇಳಿದಳು. ಹಾಲು ಬಂದ ಮೇಲೆ ಮಗುವಿನ ಬೆನ್ನು ತಟ್ಟುತ್ತಾ, ‘ಸುಮ್ನಿರು ಕಂದಾ, ಕುಡಿ, ಬಿಸಿ ಇದೆ ನೋಡು’ ಎಂದಳು. ಅಚ್ಚ ಬೆಂಗಳೂರು ಕನ್ನಡ. ಹೇಳಿದವಳೇ ಬೆಚ್ಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸುತ್ತ ನೋಡಿದಳು. ಬೆಂಗಳೂರಿನಲ್ಲಿ ತಮಿಳಳೆಂದು ಹೊಡೆತ ತಿಂದು ಬಂದವಳು, ಇಲ್ಲಿ ಕನ್ನಡ ಆಡಿದ್ದಕ್ಕೆ ಹೆದರುತ್ತಿದ್ದಳು.

ಉಮ್ಮ ಒಲೆಯ ಹತ್ತಿರದಿಂದಲೇ ಕನ್ನಡದಲ್ಲಿ ಹೇಳಿದರು: ‘ಮಾತಾಡಿ ತಾಯಿ, ಪರವಾಗಿಲ್ಲ. ನಾವೂ ಕನ್ನಡದ ಕಡೆಯವರೇ.’

ಬೆಂಚಿನಲ್ಲಿ ಇನ್ನೂ ಮೂರು ನಾಲ್ಕು ಜನ ಇದ್ದರು. ಯಾರೂ ಏನೂ ಹೇಳಲಿಲ್ಲ. ಒಬ್ಬರು ಎದ್ದು ಜಾಗ ಬಿಟ್ಟುಕೊಟ್ಟರು, ಮಗು ಒಲೆಯ ಬಿಸಿಗೆ ಹತ್ತಿರ ಕೂರಲಿ ಎಂದು. ನಾನು ಲೋಟ ಹಿಡಿದು ನಿಂತಿದ್ದೆ. ಸೀಮೆಎಣ್ಣೆ ಸಾಲಿನಲ್ಲಿ ನಾನು ಮುಚ್ಚಿಟ್ಟದ್ದನ್ನು ಉಮ್ಮ ನಾಲ್ಕು ಜನರ ಮುಂದೆ ಎರಡೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ಓದಿದ್ದು ಮದರಸದಲ್ಲಿ ಮಾತ್ರ. ಕನ್ನಡ ಅಕ್ಷರ ಅವರಿಗೆ ಬರುತ್ತಿರಲಿಲ್ಲ.

ಬಸ್ ಬಂತು

ಉಪ್ಪ ಅಜ್ಜಿಯ ಏಳನೇ ದಿನ ಯಾಸೀನ್ ಓದಿಸಿ, ಅದೇ ಸುತ್ತು ದಾರಿಯಲ್ಲಿ ವಾಪಸಾದರು. ಕೈಯಲ್ಲಿ ಕುಚ್ಚಲಕ್ಕಿ, ಎರಡು ಬಾಟಲಿ ತೆಂಗಿನೆಣ್ಣೆ, ಅಜ್ಜಿ ಕೊನೆಯದಾಗಿ ಮಾಡಿಟ್ಟಿದ್ದ ಹಪ್ಪಳ. ಜನವರಿಯಲ್ಲಿ ಬಸ್ಸುಗಳು ಒಂದೊಂದಾಗಿ ಶುರುವಾದವು. ಪೇಪರ್ ಬಂತು. ಕೆಲವು ಕುಟುಂಬಗಳು ಬೆಂಗಳೂರಿಗೆ ಮರಳಿದವು, ಕೆಲವು ಮರಳಲೇ ಇಲ್ಲ. ಪೊಂಗಲ್ ಕಳೆದ ಮೇಲೆ ಉಪ್ಪ ಬೋರ್ಡಿನ ಗೋಣಿಚೀಲ ಬಿಚ್ಚಿದರು. ಮಂಜಿನ ನೀರು ಒಳಗೇ ನಿಂತು ಕನ್ನಡ ಅಕ್ಷರಗಳ ಬಣ್ಣ ಎದ್ದಿತ್ತು. ಹೊಸದಾಗಿ ಬರೆಸಿದರು, ಅದೇ ಜಾಗದಲ್ಲಿ.

ಗಡಿಯಲ್ಲಿ ಕಾದು ಕಳೆದ ಆ ಮಂಗಳವಾರದ ಬಗ್ಗೆ ಉಪ್ಪ ನಮ್ಮೆದುರು ಒಂದೇ ಒಂದು ಸಲ ಮಾತಾಡಿದ್ದಾರೆ. ‘ಸೋಮವಾರವೇ ಸೇಲಂ ನೆನಪಾಗಿದ್ದರೆ’ ಎಂದರು. ಮುಂದೆ ಹೇಳಲಿಲ್ಲ. ಉಮ್ಮ, ‘ಅಲ್ಲಾಹನ ವಿಧಿ’ ಎಂದರು. ಆ ಮಾತು ಅಲ್ಲಿಗೇ ನಿಂತಿತು.

ಆಮೇಲೆ 2007ರ ಫೆಬ್ರವರಿಯಲ್ಲಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂತು, 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿತು. ಅದರ ನಡುವೆ 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಸುಟ್ಟವು, ಹೊಸೂರು ಗಡಿಯಲ್ಲಿ ಮತ್ತೆ ಬಸ್ ನಿಂತಿತು. ಅಂದು ನಾನು ಬೆಂಗಳೂರಿನ ಕೆಲಸದಿಂದ ಮನೆಗೆ ಬರುವವನು. ಅತ್ತಿಬೆಲೆಯಲ್ಲಿ ಇಳಿದು ಜೂಜುವಾಡಿಯವರೆಗೆ ಜನರ ಜೊತೆ ನಡೆದೆ. ಪಕ್ಕದಲ್ಲಿ ನಡೆಯುತ್ತಿದ್ದ ಒಬ್ಬ ಹುಡುಗ, ಕಾಲೇಜಿನವನಿರಬೇಕು, ತಮಿಳಿನಲ್ಲಿ ಕೇಳಿದ: ‘ಅಣ್ಣಾ, ನೀವು ಯಾವ ಕಡೆಯವರು?’ ನಾನು ಹೇಳಿದೆ: ‘ಮಂಗಳೂರು ಕಡೆ. ಕನ್ನಡದವರು. ಮನೆಯಲ್ಲಿ ಬ್ಯಾರಿ.’ ಬ್ಯಾರಿ ಎಂದರೇನು ಎಂದು ಕೇಳಿದ. ಚೆಕ್‌ಪೋಸ್ಟ್ ದಾಟುವವರೆಗೆ ವಿವರಿಸುತ್ತಾ ಬಂದೆ. ಉತ್ತರ ಕೊಡಲು ನನಗೆ ಇಪ್ಪತ್ತೈದು ವರ್ಷ ಬೇಕಾಯಿತು.

ಉಪ್ಪ ಈಗಿಲ್ಲ. ಹೋಟೆಲ್ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಉಮ್ಮ ನನ್ನ ಜೊತೆಗಿದ್ದಾರೆ. ಹೊಸೂರು, ಕೃಷ್ಣಗಿರಿ, ಸೇಲಂ, ಕೊಯಮತ್ತೂರು, ಎಲ್ಲೆಲ್ಲಿ ನಮ್ಮವರು ಚಹಾ ಸೋಸಿದ್ದಾರೋ ಅಲ್ಲೆಲ್ಲ ಇಂಥ ಒಂದು ಚಳಿಗಾಲದ ಕಥೆ ಇದ್ದೇ ಇರುತ್ತದೆ. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಬರೆದಿಡಿ. ಉಪ್ಪನನ್ನು ನಾನು ಕೇಳಬೇಕಿದ್ದ ಎಷ್ಟೋ ಪ್ರಶ್ನೆಗಳು ಹಾಗೇ ಉಳಿದವು. ಉಮ್ಮನನ್ನು ಈಗ ಕೇಳುತ್ತಿದ್ದೇನೆ, ಬೆಳಿಗ್ಗೆ ಎಣ್ಣೆ ಬಾಟಲಿ ಒಲೆಯ ಪಕ್ಕ ಇಟ್ಟು ಅದು ಕರಗುವವರೆಗೆ.